ಕೊನೆ ಊರಿಗೆ ಹೆಂಗ ಮುಟ್ಟತೈತಿ?

ರಾಜ್ಯ ಕಟ್ಟುವ ಆಟ ಅಂದರೆ ಬರೀ ಹೊಡೆದಾಟ ಅಂತಲೇ ಬಾಜೂಮನಿ ಕಾಕಾ ತಿಳಿದಿದ್ದರು. ಕಂಪೌಂಡಿಗೆ ಮೊಳಕೈ ಊರಿ, “ದಿನಾ ರಾತ್ರಿ ಯಾರ ಜೋಡಿ ಗುದ್ದಾಡ್ತೀಯೋ ತಮ್ಮಾ, ಆ ಕಂಪ್ಯೂಟರ್‌ನ್ಯಾಗ?” ಅಂದರು. “ಗುದ್ದಾಟ ಕಮ್ಮಿ ಕಾಕಾ, ಲೆಕ್ಕಾನ ಜಾಸ್ತಿ” ಅಂದೆ. ಲೆಕ್ಕ ಅಂದದ್ದೇ ತಡ, ಅವರು ಗೋಡೆ ಬಿಟ್ಟು ಕದಲಲಿಲ್ಲ. ಗಂಗಾವತಿಯಲ್ಲಿ ಭತ್ತದ ವ್ಯವಹಾರ ಕಂಡವರಿಗೆ ಲೆಕ್ಕದ ಮಾತು ಬೇಗ ರುಚಿಸುತ್ತದೆ.

ಆಟದ ಹೆಸರು ಸ್ಟೆಲ್ಲಾರಿಸ್. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯವರು 2016ರಲ್ಲಿ ಹೊರತಂದದ್ದು. ಸ್ಟೆಲ್ಲಾರಿಸ್ ಶುರುವಾಗುವುದು 2200ನೇ ಇಸವಿಯಲ್ಲಿ. ಆಗ ನಿಮ್ಮ ಕೈಯಲ್ಲಿ ಇರುವುದು ಒಂದೇ ಗ್ರಹ. ಹೊಸ ನಕ್ಷತ್ರ ಹುಡುಕಲು ಒಂದು ಹಡಗು, ಠಾಣೆ ಕಟ್ಟಲು ಒಂದು ಹಡಗು, ಕಾವಲಿಗೆ ಕೆಲವು ಸಣ್ಣವು. ಸುತ್ತ ನೂರಾರು ನಕ್ಷತ್ರ. ಹುಡುಕಬೇಕು, ಹಬ್ಬಬೇಕು, ಸಿಕ್ಕದ್ದನ್ನು ದುಡಿಸಿಕೊಳ್ಳಬೇಕು, ಎದುರು ನಿಂತವರನ್ನು ಸೋಲಿಸಬೇಕು. ಈ ಜಾತಿಯ ಆಟಗಳಿಗೆಲ್ಲ ಈ ನಾಲ್ಕು ಕೆಲಸ ಇದ್ದದ್ದೇ. ನಾಲ್ಕನೆಯದನ್ನು ಬಿಟ್ಟು ಒಕ್ಕೂಟ ಕಟ್ಟಿಕೊಂಡೂ ಬದುಕಬಹುದು; ನನಗೆ ಅದೇ ಹೆಚ್ಚು ಇಷ್ಟ.

ಅಲ್ಲಿ ಮನಸ್ಸು ಬಂದ ಕಡೆ ಹಾರುವ ಹಾಗಿಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಗೊತ್ತುಮಾಡಿದ ದಾರಿಗಳಿವೆ. ಹತ್ತಿಪ್ಪತ್ತು ನಕ್ಷತ್ರದ ರಾಜ್ಯಕ್ಕೆ ಒಳಬರುವ ಬಾಗಿಲು ಒಂದೋ ಎರಡೋ ಇರುತ್ತವೆ. ಆ ಬಾಗಿಲಲ್ಲಿ ಗಟ್ಟಿ ಠಾಣೆ ಕಟ್ಟಿದವನು ನಿದ್ದೆ ಮಾಡಬಹುದು. ಇಷ್ಟು ಹೇಳುತ್ತಲೇ ಕಾಕಾ, “ನಮ್ಮ ಕೊಪ್ಪಳದ ಕ್ವಾಟಿ ಹಂಗ” ಅಂದರು. ಖರೆ. 1786ರಲ್ಲಿ ಟಿಪ್ಪು ಆ ಕೋಟೆಯನ್ನು ಪಾಳೇಗಾರನಿಂದ ಪಡೆದು, ಫ್ರೆಂಚ್ ಇಂಜಿನಿಯರುಗಳ ಕೈಯಲ್ಲಿ ಬಲಪಡಿಸಿದ. 1790ರಲ್ಲಿ ಇಂಗ್ಲಿಷರೂ ನಿಜಾಮರೂ ಕೂಡಿ ಮುತ್ತಿದಾಗ ಅದು ತಿಂಗಳುಗಟ್ಟಲೆ ಕೈಗೆ ಸಿಗಲಿಲ್ಲ. ಆ ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಮ್, ತಾನು ಹಿಂದೂಸ್ತಾನದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಗಟ್ಟಿ ಅಂತ ಬರೆದಿದ್ದಾನೆ. ಗವಿಮಠದ ಜಾತ್ರೆಗೆ ಹೋದಾಗ ತಲೆ ಎತ್ತಿದರೆ ಕಾಣುವ ಆ ಗುಡ್ಡವನ್ನು ನಾನು ಈಗ ನೋಡುವುದೇ ಬೇರೆ ಥರ: ಯಾವ ದಾರಿಗೆ ಇದು ಬಾಗಿಲು, ಒಳಗಿದ್ದವರು ಅಷ್ಟು ತಿಂಗಳು ಏನು ತಿಂದರು?

ತಿನ್ನುವ ಮಾತೇ ಈ ಆಟದ ಜೀವ. ಪರದೆಯ ಮೇಲ್ತುದಿಯಲ್ಲಿ ಅಂಕಿಗಳ ಸಾಲೊಂದಿದೆ: ಶಕ್ತಿ, ಖನಿಜ, ಆಹಾರ, ಮಿಶ್ರಲೋಹ. ಹಡಗಿಗೆ ಮಿಶ್ರಲೋಹ ಬೇಕು, ಲೋಹಕ್ಕೆ ಖನಿಜ ಬೇಕು, ಗಣಿಯವನಿಗೂ ಕುಲುಮೆಯವನಿಗೂ ಕೂಳು ಬೇಕು. ಹೊಸದಾಗಿ ಕಲಿತ ಹುಡುಗರು ಹಡಗಿನ ಮೇಲೆ ಹಡಗು ಕಟ್ಟುತ್ತಾರೆ. ಆಹಾರದ ಅಂಕಿ ಕೆಂಪಾಗುತ್ತದೆ, ಗ್ರಹಗಳಲ್ಲಿ ಜನ ಸಿಟ್ಟಾಗುತ್ತಾರೆ. ಇದನ್ನು ಕೇಳಿ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಇಲ್ಲಿ ಬೆಳೆದದ್ದು ಕೊನೆ ಊರಿಗೆ ಹೆಂಗ ಮುಟ್ಟತೈತಿ?”

ಅವರ ಹೊಲ ಕಾರಟಗಿ ಆಚೆ, ತುಂಗಭದ್ರಾ ಎಡದಂಡೆಯ ಉಪಕಾಲುವೆಯೊಂದರ ಬಾಲದಲ್ಲಿದೆ. ಮೇಲಿನವರು ಎರಡು ಬೆಳೆ ತೆಗೆಯುವಾಗ ಒಂದು ಬೆಳೆಗೆ ನೀರು ಕಾಯುವವರ ಪ್ರಶ್ನೆ ಅದು. ಆಟದ ಬುಡಕ್ಕೇ ಕೈ ಹಾಕಿದ ಪ್ರಶ್ನೆಯೂ ಹೌದು. ಯಾಕಂದರೆ ಸ್ಟೆಲ್ಲಾರಿಸ್‌ನಲ್ಲಿ ಬಹುಕಾಲ, ಯಾವ ಗ್ರಹದಲ್ಲಿ ಬೆಳೆದರೂ ಎಲ್ಲ ಒಂದೇ ಕಣಜಕ್ಕೆ ಬಿದ್ದು, ಆ ಕ್ಷಣಕ್ಕೇ ಎಲ್ಲರಿಗೂ ಮುಟ್ಟಿಬಿಡುತ್ತಿತ್ತು. ಸಾಗಾಟದ ಮಾತೇ ಇರಲಿಲ್ಲ. ಕೊರತೆ ಇರುವ ಗ್ರಹಕ್ಕೆ ಸಾಮಾನು ಮುಟ್ಟಿಸಲೂ ಖರ್ಚಿದೆ ಎಂಬ ಲೆಕ್ಕ ಬಂದದ್ದು 2025ರ ದೊಡ್ಡ ಬದಲಾವಣೆಯಲ್ಲಿ. ಆಟ ಬಂದು ಒಂಬತ್ತು ವರ್ಷವಾದ ಮೇಲೆ! ಕಾಲುವೆಯ ಕೊನೆಯಲ್ಲಿ ನಿಂತವರು ಅದನ್ನು ಮೊದಲ ಸಂಜೆಯೇ ಕೇಳಿದರು.

ಇನ್ನೊಂದು ಕಟ್ಟಳೆ ಇದೆ, ನನಗೆ ಬಲು ಸರಿ ಅನ್ನಿಸುವಂಥದು. ರಾಜ್ಯ ದೊಡ್ಡದಾದಷ್ಟೂ ಹೊಸ ವಿದ್ಯೆ ಕಲಿಯುವ ಖರ್ಚು ಏರುತ್ತದೆ. ಗೆದ್ದದ್ದೆಲ್ಲ ಲಾಭವಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಗಂಗಾವತಿ ತಾಲೂಕಿನ ಕುಮ್ಮಟದುರ್ಗಕ್ಕೇ ಹೋಗಬಹುದು. ದಿಲ್ಲಿಯ ಮೇಲೆ ತಿರುಗಿಬಿದ್ದ ಗುರ್ಶಾಸ್ಪನಿಗೆ ಅಲ್ಲಿನ ಅರಸ ಕಂಪಿಲರಾಯ ಆಶ್ರಯ ಕೊಟ್ಟ. ಮಹಮ್ಮದ್ ಬಿನ್ ತುಘಲಕ್‌ನ ದಂಡು ಇಲ್ಲಿಯವರೆಗೂ ಬಂತು, 1327ರಲ್ಲಿ ಕಂಪಿಲಿ ಬಿತ್ತು, ಕಂಪಿಲರಾಯನ ಮಗ ಕುಮಾರರಾಮ ಹೋರಾಡಿ ಮಡಿದ. ಅದೇ ಹೊತ್ತಿಗೆ ಸುಲ್ತಾನ ರಾಜಧಾನಿಯನ್ನೇ ದೌಲತಾಬಾದಿಗೆ ತಂದ. ಆದರೂ ಈ ನೆಲ ಅವನ ಕೈಯಲ್ಲಿ ಹತ್ತು ವರ್ಷ ನಿಲ್ಲಲಿಲ್ಲ. 1336ಕ್ಕೆ ಆನೆಗೊಂದಿಯ ದಂಡೆಯಲ್ಲೇ ವಿಜಯನಗರದ ಕಥೆ ಶುರುವಾಗುತ್ತದೆ. ಕುಮಾರರಾಮನನ್ನು ನಮ್ಮ ಜನ ಇವತ್ತಿಗೂ ಹಾಡುತ್ತಾರೆ, ಗೆದ್ದವನನ್ನು ಹಾಡುವವರಿಲ್ಲ.

ದೂರದ ಸೀಮೆ ಆಳಲು ಹಳಬರಿಗೆ ಇದ್ದ ಉಪಾಯಗಳೂ ಆಟದಲ್ಲಿವೆ. ಒಂದು, ನಡುವೆ ಅಧಿಕಾರಿಯನ್ನು ಕೂರಿಸುವುದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬ್ರಹ್ಮಗಿರಿಯ ಶಾಸನದಿಂದ ತಿಳಿಯುವಂತೆ ಆಜ್ಞೆ ಸುವರ್ಣಗಿರಿಯ ರಾಜಕುಮಾರನಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಹೋಗುತ್ತಿತ್ತು. ಆ ಸುವರ್ಣಗಿರಿ ನಮ್ಮ ಕನಕಗಿರಿಯೇ ಅನ್ನುವ ವಿದ್ವಾಂಸರೂ ಇದ್ದಾರೆ.

ಇನ್ನೊಂದು ಉಪಾಯ ಸಾಮಂತರು. ಯಲಬುರ್ಗಾ ಅಂದರೆ ಈಗ ಜನಕ್ಕೆ ಮಳೆ ನಂಬಿದ ಹೊಲ, ಒಣ ಗಾಳಿ ನೆನಪಾಗುತ್ತವೆ. ಅದು ಒಂದು ಕಾಲಕ್ಕೆ ಎರಂಬರಗೆ, ಸಿಂದರ ರಾಜಧಾನಿ. ಕಲ್ಯಾಣದ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಮೇಲೆ ಹೊಯ್ಸಳ ವಿಷ್ಣುವರ್ಧನ ಏರಿಬಂದಾಗ, ಚಕ್ರವರ್ತಿಯ ಅಪ್ಪಣೆಯಂತೆ ಹೋಗಿ ಅವನನ್ನು ಹಿಮ್ಮೆಟ್ಟಿಸಿದವನು ಈ ಎರಂಬರಗೆಯ ಎರಡನೇ ಆಚುಗಿ. ಆ ಚಕ್ರವರ್ತಿಯ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದೇ ಸೀಮೆಯ ಇಟಗಿಯಲ್ಲಿದೆ. ಆಟದಲ್ಲಿ ಸಾಮಂತನ ಜೊತೆ ಕರಾರು ಬರೆದುಕೊಳ್ಳಬಹುದು: ಕಪ್ಪ ಎಷ್ಟು, ಯುದ್ಧಕ್ಕೆ ಕರೆದರೆ ಬರಬೇಕೋ ಬೇಡವೋ. ಹೊಟ್ಟೆಗೆ ಹೊಡೆಯುವಷ್ಟು ಕಪ್ಪ ಕೇಳಿದರೆ ಸಾಮಂತ ತಿರುಗಿಬೀಳುತ್ತಾನೆ.

ಗ್ರಹಗಳಲ್ಲೂ ಒಣದು, ಹಸಿದು, ತಂಪಿನದು ಅಂತ ಇವೆ. ಒಂದರ ಜನ ಇನ್ನೊಂದರಲ್ಲಿ ಸುಖವಾಗಿರಲಾರರು. ಒಣಸೀಮೆಯ ಕುಷ್ಟಗಿಗೆ ಮಗಳನ್ನು ಕೊಟ್ಟ ಕಾಕಾಗೆ ಇದನ್ನು ವಿವರಿಸಬೇಕಾಗಲಿಲ್ಲ.

ಈ ಲೆಕ್ಕವೆಲ್ಲ ತಲೆಗೆ ಹತ್ತಿದ ಮೇಲೆ ನನಗೆ ವಿಜಯನಗರದವರ ಮೇಲೆ ಗೌರವ ಇಮ್ಮಡಿಯಾದದ್ದು ಅವರ ಕಾಲುವೆಗಳಿಂದ. 1565ರಲ್ಲಿ ರಾಜಧಾನಿ ಹಾಳಾಯಿತು. ತುಂಗಭದ್ರೆಗೆ ಅವರು ಹಾಕಿದ ಒಡ್ಡುಗಳು ಉಳಿದವು. ಆನೆಗೊಂದಿ ಕಾಲುವೆ, ಮೇಲ್ಗಂಗಾವತಿ, ಕೆಳಗಂಗಾವತಿ ಕಾಲುವೆಗಳು ಇವತ್ತಿಗೂ ಗದ್ದೆಗೆ ನೀರು ಕೊಡುತ್ತವೆ. 1953ರ ಅಣೆಕಟ್ಟೆ ಬರುವ ಮುಂಚೆ ಈ ದಂಡೆಯ ಅನ್ನ ಅವುಗಳದೇ. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ಇಡೀ ಗಂಗಾವತಿ ನಿದ್ದೆಗೆಟ್ಟಿತ್ತು. ಆಟದಲ್ಲಿ ಸಂಕಟ ಬಂದರೆ ಸ್ಪೇಸ್‌ಬಾರ್ ಒತ್ತಿ ಕಾಲವನ್ನೇ ನಿಲ್ಲಿಸುತ್ತೇನೆ. ಮುನಿರಾಬಾದಿನಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ಅದೂ ಒಂದು ವಾರದೊಳಗೆ. ಅವರ ಎದುರು ನಮ್ಮ ಯಾವ ನಕ್ಷತ್ರ ಸಾಮ್ರಾಟನೂ ಏನೂ ಅಲ್ಲ.

ಇಂಥ ಆಟವೊಂದು ಕನ್ನಡದಲ್ಲಿ, ಈ ಸೀಮೆಯ ನಕ್ಷೆಯ ಮೇಲೆ ಬರಬೇಕು ಅಂತ ನನ್ನ ಆಸೆ. ತುಂಗಭದ್ರೆ ನಡುವೆ ಹರಿಯಬೇಕು. ಕುಮ್ಮಟ, ಆನೆಗೊಂದಿ, ಕೊಪ್ಪಳ, ಕನಕಗಿರಿ ಎಲ್ಲ ಇರಬೇಕು. ಪ್ರತಿ ಒಡ್ಡಿಗೂ ಪ್ರತಿ ತೂಬಿಗೂ ಲೆಕ್ಕ ಇರಬೇಕು. ನಮ್ಮ ಕಡೆಯ ಹುಡುಗರು ಅದನ್ನು ಆಡಿದರೆ ಶಾಸನದ ಪಾಠ ತಾನಾಗಿ ತಲೆಗೆ ಹತ್ತುತ್ತದೆ. ನಕ್ಷೆಯನ್ನು ಹಾಳೆಯ ಮೇಲೆ ಬರೆದು ಗೋಡೆಯಾಚೆ ಚಾಚಿ, “ನೀವು ಯಾವ ಊರಿಂದ ಆಡ್ತೀರಿ ಕಾಕಾ? ಆನಿಗುಂದಿ ಕೊಡ್ಲಾ?” ಅಂದೆ.

“ಎರಂಬರಗಿ ಕೊಡು” ಅಂದರು. “ಕಲ್ಯಾಣದವರು ಕರದಾಗ ಹೋಗಿ ಬಂದರಾತು. ಉಳಿದ ದಿನ ನಮ್ಮ ಕೆರಿ ಹೂಳು ನಾವು ತಗಸ್ಕೋಬೌದು.”