ಲೋಹತಾರತಮ್ಯ ನಿರ್ಣಯ

ಲೋಹಗಳಲ್ಲಿ ಯಾವುದು ಶ್ರೇಷ್ಠವೆಂಬ ವಿವಾದದಲ್ಲಿ ಆಭರಣದಂಗಡಿಯವರದು ಒಂದು ಪಂಥ, ವಿದ್ಯುತ್ತಿನವರದು ಇನ್ನೊಂದು. ಮೊದಲನೆಯ ಪಂಥವು ಗ್ರಾಮಿನ ಬೆಲೆಯನ್ನೇ ಪ್ರಮಾಣವೆಂದು ಅಂಗೀಕರಿಸಿ ಚಿನ್ನವನ್ನು ಅಗ್ರಪೀಠದಲ್ಲಿ ಕೂರಿಸಿದರೆ, ಎರಡನೆಯದು ರೋಧವನ್ನು, ಎಂದರೆ ತನ್ನೊಳಗೆ ಹರಿಯುವ ವಿದ್ಯುತ್ತಿಗೆ ಲೋಹವು ಒಡ್ಡುವ ಅಡ್ಡಿಯನ್ನು, ಓಮ್ ಎಂಬ ಮಾನದಿಂದ ಅಳೆದು ತೀರ್ಪು ಕೊಡುತ್ತದೆ. ಈ ಮಾನಕ್ಕೆ ಹೆಸರಾದ ಗೆಯಾರ್ಗ್ ಓಮ್ 1827ರಲ್ಲಿ ತನ್ನ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದಾಗ ಜರ್ಮನಿಯ ಪಂಡಿತರಲ್ಲಿ ಹಲವರು ಅದನ್ನು ಆದರಿಸಲಿಲ್ಲವಾದ್ದರಿಂದ, ರೋಧಗುಣವು ಲೋಹಗಳಿಗಷ್ಟೇ ಸೀಮಿತವಲ್ಲವೆಂಬುದೂ ಆಗಲೇ ಸಿದ್ಧವಾಯಿತು.

ವಿಚಾರಣೆ ನ್ಯಾಯವಾಗಬೇಕಾದರೆ ವಾದಿಗಳ ಗಾತ್ರ ಒಂದೇ ಇರಬೇಕು. ಏಕೆಂದರೆ ತಂತಿ ಉದ್ದವಾದಷ್ಟೂ ರೋಧ ಏರುತ್ತದೆ, ಅಡ್ಡಕೊಯ್ತದ ವಿಸ್ತೀರ್ಣ, ಅಂದರೆ ತಂತಿಯನ್ನು ಕತ್ತರಿಸಿದಾಗ ಕಾಣುವ ಮುಖದ ಅಳತೆ, ಹಿಗ್ಗಿದಷ್ಟೂ ಇಳಿಯುತ್ತದೆ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಮುಖದ ತಂತಿಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಲಾಗಿ ನಿಲ್ಲಿಸಿದರೆ ಬೆಳ್ಳಿಯದು ಸುಮಾರು 0.016 ಓಮ್, ತಾಮ್ರದ್ದು 0.017, ಚಿನ್ನದ್ದು 0.024, ಅಲ್ಯೂಮಿನಿಯಂನದು 0.028, ಕಬ್ಬಿಣದ್ದು 0.1. ಚಿನ್ನಕ್ಕೆ ಮೂರನೆಯ ಮಣೆ.

ಇಲ್ಲಿ ಪೂರ್ವಪಕ್ಷದವರು, ಚಿನ್ನದ ತಂತಿಯನ್ನು ದಪ್ಪ ಮಾಡಿದರಾಯಿತಲ್ಲ ಎಂದು ಆಕ್ಷೇಪಿಸಬಹುದು. ಆಗಬಹುದು. ಎಲೆಕ್ಟ್ರಿಷಿಯನ್ನರು ಪವರ್ ಪಾಯಿಂಟಿಗೆ ಎಳೆಯುವ 2.5 ಚದರ ಮಿಲಿಮೀಟರ್ ತಾಮ್ರಕ್ಕೆ ಸರಿಗಟ್ಟಲು ಚಿನ್ನಕ್ಕೆ ಸುಮಾರು 3.6 ಚದರ ಮಿಲಿಮೀಟರ್ ಬೇಕಾಗಿ, ಹತ್ತು ಮೀಟರ್ ತಂತಿ 700 ಗ್ರಾಂ, ಹಳೆಯ ಲೆಕ್ಕದಲ್ಲಿ 60 ತೊಲ, ತೂಗುತ್ತದೆ. ಇಷ್ಟನ್ನು ಪೈಪಿನಲ್ಲಿ ತೂರಿಸಿ ಗಾರೆ ಮೆತ್ತಿದ ಮನೆಯಲ್ಲಿ ಮದುವೆಯ ಮಾತುಕತೆ ನಡೆದರೆ ಗೋಡೆ ಎಷ್ಟು ದಿನ ನಿಂತೀತು ಎಂಬುದು ಪ್ರಸ್ತುತ ಗ್ರಂಥದ ವ್ಯಾಪ್ತಿಗೆ ಸೇರುವುದಿಲ್ಲ. ಕಿಲುಬು ಹಿಡಿಯದ ಗುಣವೊಂದರಿಂದ ಚಿನ್ನವು ಕನೆಕ್ಟರುಗಳ ತುದಿಯಲ್ಲಿ ತೆಳುಲೇಪವಾಗಿ ಜೀವನ ಸಾಗಿಸುತ್ತಿದೆ.

ನಾಲ್ಕನೆಯ ಮಣೆಯ ಅಲ್ಯೂಮಿನಿಯಂ, ತಾಮ್ರದ 1.6 ಪಟ್ಟು ಮುಖ ಬೇಡಿದರೂ ತೂಕದಲ್ಲಿ ಅದರ ಅರ್ಧಕ್ಕೇ ನಿಲ್ಲುವುದರಿಂದ ಕಂಬಗಳ ಮೇಲೆಲ್ಲ ಅದರದೇ ಆಳ್ವಿಕೆ.

ಅಗ್ರಸ್ಥಾನದ ಬೆಳ್ಳಿಯ ವೃತ್ತಾಂತವೇ ವಿಚಿತ್ರ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ತಾಮ್ರವೆಲ್ಲ ಯುದ್ಧಸಾಮಗ್ರಿಯ ಪಾಲಾಗಿದ್ದಾಗ, ಓಕ್ ರಿಡ್ಜ್‌ನಲ್ಲಿ ಯುರೇನಿಯಂ ಬೇರ್ಪಡಿಸುವ ಅಯಸ್ಕಾಂತಗಳ ಸುರುಳಿಗಾಗಿ ಸೈನ್ಯದವರು ಖಜಾನೆಯಿಂದ ಸಾವಿರಾರು ಟನ್ ಬೆಳ್ಳಿಯನ್ನು ಸಾಲ ಕೇಳಿದರು. ಬೆಳ್ಳಿಯನ್ನು ಇಲ್ಲಿ ಟನ್ನುಗಳಲ್ಲಲ್ಲ, ಟ್ರಾಯ್ ಔನ್ಸುಗಳಲ್ಲಿ ಎಣಿಸುವ ಪದ್ಧತಿಯೆಂದು ಖಜಾನೆಯ ಅಧಿಕಾರಿ ತಿದ್ದಿ, ಅನಂತರ ಕೊಟ್ಟರು. ಹೀಗೆ ಒಂದನೆಯ ದರ್ಜೆಯ ಲೋಹವು ಎರಡನೆಯ ದರ್ಜೆಯದರ ರಜೆಯಲ್ಲಿ ಹಂಗಾಮಿಯಾಗಿ ನೇಮಕಗೊಂಡಿತು. ಅದರ ಕೊನೆಯ ಕಂತು ಸೇವೆಯಿಂದ ಬಿಡುಗಡೆ ಹೊಂದಿ ಖಜಾನೆಗೆ ಮರಳಿದ್ದು 1970ರಲ್ಲಿ.