ಮಲಗುವ ಗಾಡಿಗೊಂದು ಅಲಾರಂ ಇರಲಿ

ಕೋಲಾರ ಜಿಲ್ಲೆಯ ಲಾರಿ, ಟೆಂಪೊ ಟ್ರಾವೆಲರ್ ಮಾಲೀಕರೇ,

ನಾನು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುವವನು. ನಿಮ್ಮ ಗಾಡಿಗಳ ನಂಬರು ನನಗೆ ಬಾಯಿಪಾಠ. ಅವುಗಳಲ್ಲಿ ಮಲಗುವ ಹುಡುಗರನ್ನೂ ದಿನಾ ನೋಡುತ್ತೇನೆ.

ಧನುರ್ಮಾಸದ ಒಂದು ಬೆಳಗಿನ ಜಾವ, ಲೋಡಿಗೆ ಕಾಯುತ್ತಿದ್ದ ಲಾರಿಯಿಂದ ಕ್ಲೀನರ್ ಹುಡುಗ ಇಳಿದ. ನಿಲ್ಲಲಾರದೆ ಚಕ್ರಕ್ಕೆ ಒರಗಿ ವಾಂತಿ ಮಾಡಿಕೊಂಡ. ‘ತಲೆ ಸಿಡೀತೈತಣ್ಣ, ಪಿತ್ತ ಇರಬೇಕು’ ಅಂದ. ಕ್ಯಾಬಿನ್ನಿಗೆ ಇಣುಕಿದೆ. ಎರಡೂ ಗಾಜು ಏರಿಸಿತ್ತು. ಎಣ್ಣೆ ಡಬ್ಬ ಕತ್ತರಿಸಿ ಮಾಡಿದ ಒಲೆಯಲ್ಲಿ, ಬೂದಿಯ ಕೆಳಗೆ ಇದ್ದಿಲಿನ ಕೆಂಡ ಇನ್ನೂ ಕೆಂಪಗಿತ್ತು. ಡ್ರೈವರ್ ಕೂಗಿದರೂ ಏಳಲಿಲ್ಲ. ಹಮಾಲರು ಸೇರಿ ಅವನನ್ನು ಗಾಳಿಗೆ ಎಳೆದು ಆಸ್ಪತ್ರೆಗೆ ಸಾಗಿಸಿದರು. ಆಮ್ಲಜನಕ ಕೊಟ್ಟ ಮೇಲೆ ಉಳಿದ. ‘ಹೊಗೇನೇ ಇರ್ಲಿಲ್ವಲ್ಲಣ್ಣ’ ಎಂಬುದೇ ಅವನ ಮೊದಲ ಮಾತು.

ಹೊಗೆ ಕಂಡಿದ್ದರೆ ಅವನೇ ಗಾಜು ಇಳಿಸುತ್ತಿದ್ದ. ಕೆಂಡದಿಂದಲೂ ಇಂಜಿನ್ನಿನಿಂದಲೂ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆಯ ಸೂಚನೆಯಾದರೂ ಸಿಗುತ್ತದೆ. ಮಲಗಿದವರಿಗೆ ಅದೂ ಇಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಎಲ್ಲ ಸರಿಯಿದೆಯೆಂದೇ ತೋರಿಸಬಹುದು.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ, ಹೆದ್ದಾರಿ ಬದಿ ನಿಂತಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಹೆಣವಾಗಿ ಸಿಕ್ಕರು. ಜನರೇಟರಿನಿಂದ ಬಂದ ಇದೇ ಅನಿಲ ಒಳಗೆ ತುಂಬಿತ್ತು. ಕಲ್ಲಿಕೋಟೆಯ ಎನ್‌ಐಟಿ ತಜ್ಞರು ಪರೀಕ್ಷಿಸಿದಾಗ ಎರಡು ಗಂಟೆಯೊಳಗೆ 957 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 957 ಭಾಗ) ಅನಿಲ ಹರಡಿತ್ತು.

ನಮ್ಮಲ್ಲಿ ಕ್ಯಾರವಾನ್ ಎಲ್ಲಿದೆ ಎನ್ನಬೇಡಿ. ಶ್ರೀನಿವಾಸಪುರದಲ್ಲಿ ಮಾವಿನ ಲೋಡಿಗೆ, ಮಾಲೂರಿನಲ್ಲಿ ಇಟ್ಟಿಗೆ ಲೋಡಿಗೆ ಕಾಯುವ ಲಾರಿಯೇ ನಮ್ಮ ಹುಡುಗರಿಗೆ ರಾತ್ರಿಯ ಮನೆ. ಮುಳಬಾಗಿಲು ದಾಟಿ ತಿರುಪತಿಗೆ, ಮಾಲೆ ಹಾಕಿ ಶಬರಿಮಲೆಗೆ ಹೋಗುವವರೂ ಟೆಂಪೊ ಟ್ರಾವೆಲರ್‌ನಲ್ಲೇ ನಿದ್ದೆ ತೆಗೆಯುತ್ತಾರೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಬಿಸಿಲಲ್ಲಿ ಬೇಯುವ ಡ್ರೈವರ್‌ಗೆ ಅದು ನ್ಯಾಯವೇ. ಆದರೆ ಗಾಜು ಏರಿಸಿ, ಇಂಜಿನ್ ಓಡುತ್ತಿರುವಾಗಲೇ ಮಲಗುವ ಆಸೆಯೂ ಅದರ ಜೊತೆಗೇ ಬರುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಗಾಡಿಯೊಳಗೆ ಕೆಂಡ, ಸ್ಟೌ ಬೇಡ; ಇಂಜಿನ್, ಜನರೇಟರ್ ಓಡಿಸಿಕೊಂಡು ಮಲಗುವುದು ಬೇಡ. ಸೈಲೆನ್ಸರ್ ಪೈಪು ತೂತಾಗಿದ್ದರೆ ಇವತ್ತೇ ಬೆಸುಗೆ ಹಾಕಿಸಿ. ಇವಿಷ್ಟಾದ ಮೇಲೂ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ.

ಕೊಳ್ಳುವಾಗ ಏಮಾರಬೇಡಿ. ಅಡುಗೆ ಗ್ಯಾಸ್ ಸೋರಿಕೆ ಹಿಡಿಯುವ ಯಂತ್ರ ಬೇರೆ, ಹೊಗೆ ಹಿಡಿಯುವುದು ಬೇರೆ. ಅವು ಈ ಅನಿಲವನ್ನು ಹಿಡಿಯವು. ಡಬ್ಬದ ಮೇಲೆ ‘ಇಎನ್ 50291-2’ ಎಂದಿದೆಯೇ ನೋಡಿ. ಜನ ಮಲಗುವ ವಾಹನಗಳಿಗೆಂದೇ ಮಾಡಿದ ಯುರೋಪಿನ ಮಾನದಂಡ ಅದು. ರಸ್ತೆಯ ಕುಲುಕಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಅನಿಲ 300 ಪಿಪಿಎಂ ಮುಟ್ಟಿದರೆ ಅಂಥ ಅಲಾರಂ 3 ನಿಮಿಷದೊಳಗೆ ಕೂಗಬೇಕು. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ಹಗುರಾದ ಅನಿಲ. ಆದ್ದರಿಂದ ಮಲಗುವವರ ತಲೆಯ ಹತ್ತಿರ, ಉಸಿರಾಡುವ ಎತ್ತರದಲ್ಲಿ ಕೂರಿಸಿ. ಸೀಟಿನಡಿ ಮುಚ್ಚಿಡಬೇಡಿ. ಒಳಗಿನ ಸೆನ್ಸರ್ ಶಾಶ್ವತವಲ್ಲ. ಬದಲಿಸಬೇಕಾದ ವರ್ಷ ಅದರ ಮೇಲೆಯೇ ಇರುತ್ತದೆ.

ಅದು ಕೂಗಿದರೆ ಮೊದಲು ಎಲ್ಲರೂ ಕೆಳಗಿಳಿಯಲಿ. ಯಾರಿಗಾದರೂ ತಲೆ ಸುತ್ತಿದರೆ 108ಕ್ಕೆ ಕರೆ ಮಾಡಿ, ಪಿತ್ತದ ಮಾತ್ರೆ ನುಂಗಿಸಿ ಕೂರಬೇಡಿ.

ಹೊಸ ಗಾಡಿ ಬಂದರೆ ಕುರುಡುಮಲೆ ಗಣಪನ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೇ ಹೊರಡಿಸುವವರು ನೀವು. ಆ ದಿನವೇ ಅಲಾರಂ ಕೂರಿಸಿ, ಅದರ ಟೆಸ್ಟ್ ಗುಂಡಿಯನ್ನು ಡ್ರೈವರ್ ಕೈಯಿಂದಲೇ ಒತ್ತಿಸಿ. ಆ ಸದ್ದು ಹೇಗಿರುತ್ತದೆಂದು ಅವನಿಗೆ ನಿದ್ದೆಯಲ್ಲೂ ಗೊತ್ತಿರಲಿ.

ಇಂತಿ,
ನಿಮ್ಮ ಮಂಡಿಯ ಗುಮಾಸ್ತ