ನಿಮ್ಮ ಬಿಪಿ ನೋಡಿಸಿ ಎಷ್ಟು ದಿನ ಆಯ್ತು ಅಕ್ಕಾ?

ಕೇಳಿದ್ರಾ ಅಕ್ಕಾ, ಹಿಂದಿನ ಬೀದಿಯ ಟೀಚರಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ನಿನ್ನೆ ಸಂಜೆ ಹೋಗಿ ಮಾತಾಡಿಸ್ಕೊಂಡು ಬಂದೆ. ಸ್ಟೆಂಟ್ ಹಾಕಿದ್ದಾರೆ, ದೇವರು ದೊಡ್ಡವನು, ಚೇತರಿಸ್ಕೋತಾ ಇದ್ದಾರೆ. ಆದರೆ ಅವರು ಹೇಳಿದ್ದು ಕೇಳಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಎದೆನೋವು ಅಂತ ಅವರಿಗೆ ಬರಲೇ ಇಲ್ಲವಂತೆ. ದವಡೆ ಹಿಡಕೊಂಡ ಹಾಗಾಯ್ತಂತೆ, ಬೆನ್ನಿನ ಮೇಲ್ಭಾಗದಲ್ಲಿ ಸೆಳೆತ, ಹೊಟ್ಟೆ ತೊಳಸಿ ಮೈಯೆಲ್ಲಾ ತಣ್ಣಗೆ ಬೆವೆತುಹೋಯ್ತಂತೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಒಂದು ಚಿಟಿಕೆ ಓಮದ ಕಾಳು ಅಗಿದು, ಮನೆಗೆ ಬಂದಿದ್ದ ನೆಂಟರಿಗೆ ಬಡಿಸಿ, ಒಲೆಕಟ್ಟೆ ಒರೆಸಿ, ಆಮೇಲೆ ಹೋಗಿ ಮಲಗಿದ್ದಾರೆ. ಮಗಳು ಹಟ ಹಿಡಿದು ಎಬ್ಬಿಸಿ ಕರಕೊಂಡು ಹೋಗದಿದ್ರೆ ಏನಾಗ್ತಿತ್ತೋ.

ಅದೇ ಬೆವರು, ಅದೇ ಸಂಕಟ ಅವರ ಯಜಮಾನರಿಗೆ ಬಂದಿದ್ರೆ ಟೀಚರಮ್ಮ ಸುಮ್ಮನಿರ್ತಿದ್ರಾ? ನೆಂಟರು ಉಂಡರೋ ಬಿಟ್ಟರೋ, ಆಟೋ ಹತ್ತಿಸಿಬಿಡೋರು. ನಮ್ಮ ಮೈಗೆ ಬಂದಾಗ ಮಾತ್ರ ನಮಗೆ ಪಾತ್ರೆ ತೊಳೆಯೋದೇ ದೊಡ್ಡ ಕೆಲಸ.

ಹೌದಕ್ಕಾ, ಹಾರ್ಟ್ ಅಟ್ಯಾಕ್ ಆದಾಗ ಹೆಂಗಸರಿಗೂ ಹೆಚ್ಚಾಗಿ ಎದೆಯಲ್ಲೇ ಬಿಗಿತ, ಭಾರ, ನೋವು ಕಾಣಿಸ್ಕೊಳ್ಳೋದು. ಆದರೆ ಅದರ ಜೊತೆಗೆ ಏದುಸಿರು, ವಾಕರಿಕೆ, ದವಡೆ ಕುತ್ತಿಗೆ ಬೆನ್ನಿನ ನೋವು, ಕಾರಣವೇ ಇಲ್ಲದ ಸುಸ್ತು, ಇವೆಲ್ಲ ಗಂಡಸರಿಗಿಂತ ನಮಗೆ ಜಾಸ್ತಿ. ಕೆಲವರಿಗೆ ಎದೆ ನೋಯೋದೇ ಇಲ್ಲ. ಅದಕ್ಕೇ ಅದು ಹೃದಯದ್ದು ಅಂತ ಮನೆಯವರಿಗೂ ಹೊಳೆಯಲ್ಲ, ನಮಗೂ ಹೊಳೆಯಲ್ಲ.

ಹಾರ್ಟ್ ಅಟ್ಯಾಕ್ ಗಂಡಸರ ಕಾಯಿಲೆ ಅನ್ನೋ ಮಾತು ಬಿಟ್ಟುಬಿಡಿ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಂತ ಒಂದು ದೊಡ್ಡ ಅಧ್ಯಯನ 2004ರಲ್ಲಿ ಪ್ರಕಟ ಆಯ್ತು. ಮೊದಲ ಹೃದಯಾಘಾತ ಹೆಂಗಸರಿಗೆ ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ ಬರುತ್ತೆ ಅಂತ ಅದರಲ್ಲಿ ಕಂಡುಬಂತು. ತಡವಾಗಿ ಬರುತ್ತೆ, ಬರೋದಂತೂ ಬರುತ್ತೆ. ಮುಟ್ಟು ನಿಂತ ಮೇಲೆ ಬಿಪಿ, ಕೊಲೆಸ್ಟ್ರಾಲ್ ಏರೋಕೆ ಶುರುವಾಗುತ್ತೆ. ನಿಮ್ಮ ಸೊಸೆಗೆ ಬಸುರಿಯಾಗಿದ್ದಾಗ ಬಿಪಿ ಜಾಸ್ತಿಯಾಗಿತ್ತಲ್ಲ, ಹೆರಿಗೆಯಾದ ಮೇಲೆ ಇಳಿಯಿತು ಅಂತ ಮರೆಯೋ ಹಾಗಿಲ್ಲ. ಬಸುರಿಯಾಗಿದ್ದಾಗ ಬಿಪಿಯೋ ಸಕ್ಕರೆಯೋ ಏರಿದ್ದವರಿಗೆ ಮುಂದೆ ಹೃದಯದ ತೊಂದರೆ ಬರೋ ಸಂಭವ ಹೆಚ್ಚು. ಡಾಕ್ಟರ ಹತ್ತಿರ ಹೋದಾಗೆಲ್ಲ ಅವಳು ಅದನ್ನ ಹೇಳಬೇಕು.

ಟೆನ್ಷನ್ನೂ ಅಷ್ಟೇ. ಅದೇ ಅಧ್ಯಯನದಲ್ಲಿ ಬೀಡಿ ಸಿಗರೇಟು, ಬಿಪಿ, ಸಕ್ಕರೆ ಇವುಗಳ ಪಟ್ಟಿಯಲ್ಲೇ ಮನಸ್ಸಿನ ಒತ್ತಡವೂ ಇದೆ. ದಿನಾ ಒಳಗೇ ಕುದೀತಾ ಇದ್ರೆ ನಿದ್ದೆ ಕೆಡುತ್ತೆ, ಬಿಪಿ ಏರುತ್ತೆ, ಊಟ ಹೊತ್ತು ಗೊತ್ತು ತಪ್ಪುತ್ತೆ. ತೀರಾ ಹತ್ತಿರದವರು ಹೋಗಿಬಿಟ್ಟಾಗ, ದೊಡ್ಡ ಆಘಾತ ಆದಾಗ ಹೃದಯದ ಸ್ನಾಯುವೇ ಇದ್ದಕ್ಕಿದ್ದ ಹಾಗೆ ಸೋತುಹೋಗೋದೂ ಉಂಟು. ಥೇಟ್ ಹಾರ್ಟ್ ಅಟ್ಯಾಕ್ ಥರಾನೇ ಇರುತ್ತೆ. ಜಪಾನಿನ ವೈದ್ಯರು ಅದಕ್ಕೆ ಟಾಕೊಟ್ಸುಬೊ ಅಂತ ಹೆಸರಿಟ್ಟಿದ್ದಾರೆ. ಬಹುಪಾಲು ಮುಟ್ಟು ನಿಂತ ಹೆಂಗಸರಲ್ಲೇ ಕಾಣಿಸೋದಂತೆ. ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಕೆಲವು ವಾರಗಳಲ್ಲೇ ಸುಧಾರಿಸ್ಕೋತಾರೆ.

ಎಲ್ಲರೂ ನಮಗೆ 'ಟೆನ್ಷನ್ ಮಾಡ್ಕೋಬೇಡ' ಅಂತಾರೆ. ಹಾಗಂದುಬಿಟ್ಟರೆ ಯಾರ ಟೆನ್ಷನ್ ಇಳಿದಿದೆ ಹೇಳಿ? ಐದು ಗಂಟೆಗೆ ಎದ್ದು ಮೂರು ಡಬ್ಬಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು, ಬಸ್ಸು ಹಿಡಿದು ಕೆಲಸಕ್ಕೆ ಓಡೋಳಿಗೆ ಧ್ಯಾನ ಮಾಡು ಅಂದರೆ ಎಲ್ಲಿ ಕೂತು ಮಾಡ್ತಾಳೆ? ಅವಳ ಕೈಯಿಂದ ಒಂದು ಕೆಲಸ ಇಸ್ಕೊಳ್ಳಬೇಕು. ಡಬ್ಬಿ ಮಗ ಕಟ್ಟಲಿ, ಮಾತ್ರೆ ಯಜಮಾನರು ಕೊಡಲಿ. ಹಾಗೆ ಸಿಕ್ಕ ಅರ್ಧ ಗಂಟೆಯಲ್ಲಿ ಅವಳು ಬಿರುಸಾಗಿ ನಡೆದು ಬರಲಿ, ವಾರಕ್ಕೆ ಐದು ದಿನ ನಡೆದರೆ ಹೃದಯಕ್ಕೆ ಅದೇ ದೊಡ್ಡ ಉಪಕಾರ. ನಿದ್ದೆ ಬರದೇ ಇದ್ರೆ, ಯಾವುದರಲ್ಲೂ ಮನಸ್ಸಿಲ್ಲದೇ ಇದ್ರೆ ಅದನ್ನೂ ಡಾಕ್ಟರಿಗೆ ಹೇಳಲಿ. ಅದರಲ್ಲಿ ನಾಚಿಕೆ ಪಡೋದೇನಿದೆ?

ಇನ್ನು, ಟೀಚರಮ್ಮನಿಗೆ ಆದಂಥದ್ದೇನಾದರೂ ಕಾಣಿಸಿದರೆ ಕಷಾಯ ಕುಡಿದು ಮಲಗೋದು ಬೇಡ. 108ಕ್ಕೆ ಫೋನ್ ಮಾಡೋದು. ಹೃದಯಕ್ಕೆ ರಕ್ತ ನಿಂತಷ್ಟು ಹೊತ್ತೂ ಸ್ನಾಯು ಸಾಯ್ತಾ ಹೋಗುತ್ತೆ, ಅದು ಮತ್ತೆ ಬರಲ್ಲ. ನಮ್ಮೂರ ಕಡೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕೂಡಲೇ ತೋರಿಸ್ತಾರೆ. ಬೇಕಾದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡ್ತಾರೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ಮೊದಲ ಇಸಿಜಿ ಚೆನ್ನಾಗಿದ್ರೂ ಸಂಕಟ ಇಳಿಯದೇ ಇದ್ರೆ ಎದ್ದು ಬರಬಾರದು. ಮತ್ತೊಮ್ಮೆ ಇಸಿಜಿ, ಟ್ರೊಪೋನಿನ್ ರಕ್ತಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಬೇಕು.

ಅದಿರಲಿ, ಭಾವನವರ ಬಿಪಿ ಮಾತ್ರೆ ಮುಗಿಯೋ ಮುಂಚೆ ತಂದಿಡ್ತೀರಲ್ಲ, ನಿಮ್ಮ ಬಿಪಿ ನೋಡಿಸಿ ಎಷ್ಟು ದಿನ ಆಯ್ತು? ನೋಡಿದ್ರಾ, ನೆನಪೇ ಇಲ್ಲ. ನಾಳೆ ಬೆಳಗ್ಗೆ ಆಸ್ಪತ್ರೆಗೆ ಇಬ್ಬರೂ ಹೋಗಿ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಎಲ್ಲಾ ನೋಡಿಸ್ಕೊಂಡು ಬರೋಣ. ಖಾಲಿ ಹೊಟ್ಟೇಲೇ ಬನ್ನಿ. ತಿಂಡಿ ಯಾರು ಮಾಡ್ತಾರೆ ಅಂತೀರಾ? ಭಾವನವರಿಗೆ ಉಪ್ಪಿಟ್ಟು ಮಾಡೋಕೆ ಬರುತ್ತೆ, ಅವರೇ ಮಾಡಲಿ. ನಾನೇ ಈಗ ಅವರಿಗೆ ಹೇಳ್ತೀನಿ, ಕರೀರಿ.